ಹಳದಿ ಬಟ್ಟೆ ಕಟ್ಟಿದ ಬಾಗಿಲು

ಸೆಪ್ಟೆಂಬರ್ 1
ಮತ್ತೆ ಸುನಾಮಿ ಡ್ರಿಲ್. ಕೇರಿಯ ಮುಖಂಡತನ ಈ ವರ್ಷ ಸರದಿಯಂತೆ ನನ್ನ ತಲೆಗೆ. ರಾಜಲಾಂಛನ: ಹೆಲ್ಮೆಟ್ಟು, ಗೊರಗುಟ್ಟುವ ಮೆಗಾಫೋನು. ಮನೆ ಬಿಟ್ಟವರು ಬಾಗಿಲಿಗೆ ಹಳದಿ ಬಟ್ಟೆ ಕಟ್ಟಬೇಕು — ಒಳಗೆ ಯಾರೂ ಇಲ್ಲ, ನಮಗಾಗಿ ನಿಲ್ಲಬೇಡಿ ಎಂದು. ಎಲ್ಲ ಬಾಗಿಲೂ ಹಳದಿ. ಎಲ್ಲರನ್ನೂ ಊರ ಹಿಂದಿನ ಗುಡ್ಡ ಹತ್ತಿಸಿ ಭಾಷಣ ಬಿಗಿದೆ. ಇಳಿದು ಬಂದರೆ ಪಕ್ಕದ ಮನೆಯ ಮಿಸಾವೊ ಅಜ್ಜಿ ಹಳದಿ ಬಟ್ಟೆಯ ಹಿಂದೆ ಆರಾಮಾಗಿ ಮೂಲಂಗಿ ಹೆಚ್ಚುತ್ತಿದ್ದಾಳೆ!

"ಅಜ್ಜೀ, ಇದು ಮೋಸ!"

"ಮೋಸ ಎಂಥದ್ದೋ ಕುನಿಹಿಕೊ? ನಿಜವಾಗ್ಲೂ ಬಂದ ದಿನಾನೂ ಹಿಂಗೇ ಕಟ್ಟಿ ಒಳಗಿರ್ತೀನಿ. ನೀವು ನಿಲ್ದೆ ಓಡ್ತೀರಿ. ಈ ಮಂಡಿ ನಂಬ್ಕೊಂಡು ನಿಮ್ಮನ್ನೆಲ್ಲ ಮುಳುಗಿಸ್ಲಾ?"

ಕೈಯಲ್ಲಿ ಮೆಗಾಫೋನು. ಅದನ್ನು ಆರಿಸಿ ಮನೆಗೆ ಬಂದೆ.

ಸೆಪ್ಟೆಂಬರ್ 4
ಅಜ್ಜಿಯ ಮಾತನ್ನು ಮನೆಯಲ್ಲಿ ಹೇಳಿದೆ. ಹೆಂಡತಿ ಅಂದಳು, "ಗುಡ್ಡ ಆಮೇಲೆ ಹತ್ತಿಸೀರಂತೆ. ಮೊದ್ಲು ಅಜ್ಜೀನ ಹೊಸ್ತಿಲು ದಾಟ್ಸಿ ನೋಡೋಣ."

ಸೆಪ್ಟೆಂಬರ್ 20
ಹೊಸ ಡ್ರಿಲ್ — ಹಾಸಿಗೆಯಿಂದ ಹೊಸ್ತಿಲಿಗೆ. ಅಷ್ಟೇ. ಜಪಾನಿನ ಅತಿ ಚಿಕ್ಕ ದಂಡಯಾತ್ರೆ. ಅಜ್ಜಿ ಬಂದು ನಿಂತಳು. "ಪದಕ ಎಲ್ಲಯ್ಯಾ?" ಒಣಗಿಸಿದ ಬೊನಿಟೊ ಮೀನು ಅರ್ಪಿಸಿದೆ.

ನವೆಂಬರ್ 5
ಹೊಸ್ತಿಲಿನಿಂದ ಗುಡ್ಡದ ಬುಡದವರೆಗೆ. ಅಜ್ಜಿ ಬಂದಳು, ಬೈಯುತ್ತಾ. "ಗುಡ್ಡದ ಮೆಟ್ಲು ಹತ್ತು ಅಂತ ಮಾತ್ರ ಕೇಳ್ಬೇಡ." ಕೇಳಲಿಲ್ಲ.

ಜನವರಿ 16, ಬೆಳಿಗ್ಗೆ, ಗುಡ್ಡದ ಮೇಲೆ
ಡ್ರಿಲ್ ಅಲ್ಲ. ಭೂಮಿ ನಡುಗಿ ನಿಂತದ್ದೇ ಹೆಲ್ಮೆಟ್ಟು ಹಾಕಿ ಬೀದಿಗೆ ಓಡಿದೆ. ಮೆಗಾಫೋನಿನಲ್ಲಿ ಕೂಗಿ ಕೂಗಿ ಕೊನೆಗೆ ಹೊರಟೆ. ಅಜ್ಜಿಯ ಬಾಗಿಲು — ಹಳದಿ. ನಂಬುವುದೋ ಬಿಡುವುದೋ? ಬಟ್ಟೆ ಇದ್ದರೆ ತಟ್ಟಬಾರದು. ಊರಿಗೆಲ್ಲ ಸಾರಿದವನು ನಾನೇ. ತಟ್ಟಲಿಲ್ಲ. ದೇವರೇ, ತಟ್ಟಲಿಲ್ಲ...

ಕೇರಿಯುದ್ದಕ್ಕೂ ಹಳದಿ. ಕಿರುಚಾಟವಿಲ್ಲ, ನೂಕಾಟವಿಲ್ಲ. ಬರೀ ಕಾಲುಗಳ ಸದ್ದು, ಮೇಲಕ್ಕೆ, ಮೇಲಕ್ಕೆ. ವರ್ಷಗಟ್ಟಲೆ ಆಕಳಿಸುತ್ತಾ ಕಲಿತದ್ದು ಇಷ್ಟು ದೊಡ್ಡದೇ?

ಮೆಟ್ಟಿಲ ತಿರುವಿನಲ್ಲಿ ಅಜ್ಜಿ! ಕೂತು, ಕೈಯೂರಿ, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರುತ್ತಿದ್ದಾಳೆ. ಮುಖ ಕಡಲಿಗೆ.

"ಮುಟ್ಬೇಡ! ಮುಂದೆ ನಡಿ! ನೀವೆಲ್ಲ ಕೆಲಸಕ್ಕೆ ಹೋದ್ಮೇಲೆ ದಿನಾ ಕಲ್ತಿದೀನಿ."

ಮುಂದೆ ನಡೆದೆ. ಅಳುತ್ತಾ. ಅಜ್ಜಿ ಈಗ ಗುಡ್ಡದ ತುದಿಯಲ್ಲಿ, ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದಾಳೆ. ಕೆಳಗೆ ಬಂದರಿನ ನೀರು ಸರಿದುಹೋಗಿ, ನಾನು ಹುಟ್ಟಿದಾಗಿನಿಂದ ಕಾಣದ ಬಂಡೆಗಳು ಬಿಸಿಲಿಗೆ ಮಿನುಗುತ್ತಿವೆ...

"ಬರೆಯೋದು ಸಾಕು ಕಣೋ," ಎಂದು ತೋಳು ಹಿಡಿದಳು. "ತಲೆ ಎತ್ತು."

ದೂರ, ಕಡಲ ಅಂಚಿಗೆ ನೊರೆಯ ಒಂದು ಬಿಳಿ ಗೆರೆ, ನಮ್ಮ ಕಡೆಗೇ ಬರುತ್ತಿದೆ. ಎಷ್ಟು ಉದ್ದ —