ಡಾಕ್ಟರ ಮುಂದೆ ಆಡುವ ಭಾಷೆ

ಫೆಬ್ರವರಿ 9, ಸಂಜೆ

ಮತ್ತೆ ಅದೇ. ಬಸ್ಸು, ಆಸ್ಪತ್ರೆಯ ಲಿಫ್ಟು, ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿ. ಹೆಂಡತಿ ದೊಸಿಂದಾಳ ಕೋಟಿನ ಗುಂಡಿ ನಾನೇ ಹಾಕಿದೆ. ಅವಳ ಬಲಗೈ ಇನ್ನೂ ಹೇಳಿದಂತೆ ಕೇಳುವುದಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ, ಸಮುದ್ರದ ಇಳಿತದ ಹೊತ್ತಿನಲ್ಲಿ ಕೆಸರಿಗಿಳಿದು ಕಪ್ಪೆಚಿಪ್ಪು ಕೆದಕುತ್ತಿದ್ದಾಗಲೇ ಪಾರ್ಶ್ವವಾಯು ಹೊಡೆಯಿತು. ಜೊತೆಯ ಹೆಂಗಸರು ಹೊತ್ತು ತಂದರು.

ಮಾತು ಮರಳಿ ಕಲಿಸುವವಳು ಹೊಸಬಳು. ಇನ್ಮಾ ಎಂದು ಹೆಸರು, ಮೂವತ್ತರ ಆಸುಪಾಸು. ಚಿತ್ರದ ಕಾರ್ಡು ಹಿಡಿಯುತ್ತಾಳೆ. "ದಯವಿಟ್ಟು ಇದನ್ನು ಗಮನಿಸಿ, ಸೆನ್ಯೋರಾ. ಇದರ ಹೆಸರೇನು?" ಇಸ್ತ್ರಿ ಹಾಕಿದ ಸ್ಪ್ಯಾನಿಷ್. ಎಲ್ಲೂ ಒಂದು ಸುಕ್ಕಿಲ್ಲ. ಕೊಡೆ, ಬೀಗದ ಕೈ, ಒಂಟೆ. ಒಂಟೆ! ನಮ್ಮ ಅಳಿವೆಯಲ್ಲಿ ಒಂಟೆ ಕಂಡವರು ಯಾರು? ದೊಸಿಂದಾ ತುಟಿ ಬಿಗಿದು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಕೂತಿದ್ದಳು.

ಮಾರ್ಚ್ ಕೊನೆಗೆ ವಿಭಾಗದ ಮುಖ್ಯಸ್ಥರು ಬಂದು ನೋಡುತ್ತಾರಂತೆ. ಸುಧಾರಣೆ ಕಾಣದಿದ್ದರೆ ಚಿಕಿತ್ಸೆ ನಿಲ್ಲಿಸಿ ಜಾಗ ಬೇರೆಯವರಿಗೆ.

ಮನೆಗೆ ಬಂದು ಸೂಪು ಬಡಿಸಿದೆ. ಒಂದು ಚಮಚ ಬಾಯಿಗಿಟ್ಟಳು. "ಅಮಾರೊ... ಉಪ್ಪು. ಎಲ್ಲಿ... ಸುಟ್ಟೆ... ಉಪ್ಪು?" ನನ್ನ ಹೆಸರು ಹಿಡಿದು, ನಮ್ಮ ಮನೆಮಾತು ಗಲೇಗೊದಲ್ಲಿ, ಸ್ಪಷ್ಟವಾಗಿ! ಅಡುಗೆಮನೆಯಲ್ಲಿ ಬರುವ ಮಾತು ಅಲ್ಲಿ ಯಾಕೆ ಬರುವುದಿಲ್ಲ?

ಫೆಬ್ರವರಿ 11

ಯಾಕೆ ಎಂದು ಕೇಳುವುದೇ ಪೆದ್ದುತನ. ಗೊತ್ತಿಲ್ಲವೇ ನನಗೆ? ನಮ್ಮ ಕಡೆ ಡಾಕ್ಟರ ಮುಂದೆ ಗಲೇಗೊ ಆಡುವುದೆಂದರೆ ಏಪ್ರನ್ ಕಟ್ಟಿಕೊಂಡೇ ಇಗರ್ಜಿಗೆ ಹೋದಂತೆ. ಡಾಕ್ಟರು, ನೋಟರಿ, ಬ್ಯಾಂಕಿನವನು — ಇವರಿಗೆಲ್ಲ ಸ್ಪ್ಯಾನಿಷ್. ಗಂಡನಿಗೆ, ಹಸುವಿಗೆ, ಸಮುದ್ರಕ್ಕೆ ನಮ್ಮದು.

ಮೊನ್ನೆ ಕಾರಿಡಾರಿನಲ್ಲಿ ಸುತ್ತಲೂ ನೋಡಿದೆ. ಗೋಡೆಯ ಬೋರ್ಡುಗಳೆಲ್ಲ ಗಲೇಗೊ. ಕಾನೂನು ಬಂದು ಎಷ್ಟೋ ವರ್ಷವಾಯಿತು. ಬೋರ್ಡಿನ ಕೆಳಗೆ ಕೂತ ಮುದುಕರು ಗುಸುಗುಸು ಗಲೇಗೊ ಆಡುತ್ತಾರೆ. ನರ್ಸ್ ಹೆಸರು ಕೂಗಿದ ಕೂಡಲೇ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಸ್ಪ್ಯಾನಿಷ್. ಆ ನರ್ಸು ಪಕ್ಕದೂರಿನವಳು! ಅವಳ ತಾಯಿ ನಮ್ಮ ಕ್ಯಾನಿಂಗ್ ಕಾರ್ಖಾನೆಯಲ್ಲಿ ಸಾರ್ಡೀನ್ ಡಬ್ಬಿ ತುಂಬುತ್ತಿದ್ದವಳು. ಗುಮಾಸ್ತನಾಗಿ ಅವಳ ಸಂಬಳದ ಚೀಟಿ ಬರೆದವನು ನಾನು.

ಶಾಲೆಗಳಲ್ಲಿ ನಮ್ಮ ಮಾತು ನಿಲ್ಲಿಸಿದ ಸರ್ವಾಧಿಕಾರಿ ಸತ್ತ. ಹೂತರು. ಅವನ ಮೇಷ್ಟ್ರುಗಳು ಮಾತ್ರ ಇನ್ನೂ ನಮ್ಮ ಗಂಟಲಲ್ಲೇ ಬೆತ್ತ ಹಿಡಿದು ಕೂತಿದ್ದಾರೆ. ಪತ್ರಿಕೆಗೆ ಬರೆಯಬೇಕು. ಬರೆದು ಏನು... ಅದನ್ನೂ ಸ್ಪ್ಯಾನಿಷ್‌ನಲ್ಲೇ ಅಚ್ಚು ಹಾಕುತ್ತಾರೆ.

ಫೆಬ್ರವರಿ 16

ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆ. "ಅವಳ ಭಾಷೆಯಲ್ಲಿ ಉತ್ತರ ಕೊಟ್ಟರೆ ನಿಮ್ಮ ಆಸ್ಪತ್ರೆಗೇನು ನಷ್ಟ?" ಎಂದೆ.

"ಏನೂ ಇಲ್ಲ, ಸೆನ್ಯೋರ್. ಯಾವ ಭಾಷೆಯಾದರೂ ಒಪ್ಪುತ್ತೇನೆ. ನನಗೆ ಅರ್ಥವೂ ಆಗುತ್ತದೆ. ಆದರೆ ಅವರು ಬಾಯಿಯನ್ನೇ ತೆರೆಯುತ್ತಿಲ್ಲವಲ್ಲ" ಎಂದಳು ಇನ್ಮಾ.

ಸಿಟ್ಟೆಲ್ಲ ಕೈಯಲ್ಲೇ ಉಳಿಯಿತು. ಇಡಲು ಜಾಗವಿಲ್ಲ.

ಬಸ್ಸಿನಲ್ಲಿ ದೊಸಿಂದಾಗೆ ಹೇಳಿದೆ: "ಕೇಳಿಸ್ತಲ್ಲ? ಅಲ್ಲೂ ನಮ್ಮದೇ ಆಡು ಮಾರಾಯ್ತಿ." ಎಡಗೈಯಿಂದ ಕೂದಲು ಬಾಚಿದ ಹಾಗೆ ಮಾಡಿ ತೋರಿಸಿದಳು. "ಅವಳು... ಮೇಡಂ." ಮುಗಿಯಿತು. ಮೇಡಂ ಎದುರು ತಲೆ ಬಾಚದೆ ಹೋಗುವುದುಂಟೇ?

ಮಾರ್ಚ್ 9, ಸಂಜೆ ಐದು

ಆದದ್ದನ್ನು ಆದ ಹಾಗೇ ಬರೆಯಬೇಕು.

ಕಾರ್ಡುಗಳ ನಡುವೆ ಇನ್ಮಾಳ ಫೋನು ಹೊಡೆದುಕೊಂಡಿತು. ಎರಡು ಸಲ ಕತ್ತರಿಸಿದಳು. ಮೂರನೆಯದಕ್ಕೆ ಹೆದರಿ ಎತ್ತಿದಳು. ದಕ್ಷಿಣದ ಹೆರೆಸ್‌ನಿಂದ ಅವಳ ತಾಯಿ. ಸುಣ್ಣ ಬಳಿಯಲು ಹೋಗಿ ಏಣಿಯಿಂದ ಜಾರಿದ್ದಾಳೆ. ಇನ್ಮಾ ನಾವಿರುವುದನ್ನೇ ಮರೆತಳು. ಆ ಇಸ್ತ್ರಿ ಎಲ್ಲಿ ಹೋಯಿತೋ! ಅರ್ಧ ಅಕ್ಷರ ನುಂಗಿ, ಉಳಿದರ್ಧ ಗಾಳಿಗೆ ತೂರಿ, ಅಪ್ಪಟ ಆಂದಲೂಸಿಯಾದ ಆಡು ಸ್ಪ್ಯಾನಿಷ್:

"ಯವ್ವಾ, ಈ ವಯಸ್ಸಿನ್ಯಾಗ ನಿಚ್ಚಣಿಕಿ ಯಾಕ ಹತ್ತಿದ್ದಿ? ಗ್ವಾಡಿ ಏನ್ ಓಡಿ ಹೊಕ್ಕಿತ್ತೇನು? ಕಾಲ್ ಮುರಕೊಂಡಿದ್ರ ನಾ ಇಲ್ಲಿಂದ ಹಾರ್ಕೊಂಡ್ ಬರಬೇಕಿತ್ತೇನ? ...ನಗಬ್ಯಾಡ! ನಿನಗ ಹೇಳಾಕತ್ತೇನಿ, ನಗಬ್ಯಾಡ!"

ಏನೂ ಆಗಿಲ್ಲವಂತೆ. ಫೋನಿಟ್ಟು ನಮ್ಮನ್ನು ನೋಡಿ ಕೆಂಪಾದಳು. ತಕ್ಷಣ ಬೆನ್ನು ನೆಟ್ಟಗೆ. "ಕ್ಷಮಿಸಿ. ಮುಂದುವರಿಸೋಣ."

ದೊಸಿಂದಾಳ ಹೆಗಲು ಕುಲುಕುತ್ತಿತ್ತು. ಫಿಟ್ಸ್ ಬಂತೆಂದು ಗಾಬರಿಯಾದೆ. ನಗು! ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಎಡಗೈ ಚಾಚಿ ಆ ಹುಡುಗಿಯ ಮಣಿಕಟ್ಟು ಹಿಡಿದಳು. ಗಲೇಗೊದಲ್ಲಿ, ಒಂದೊಂದೇ ಮಾತು ಎತ್ತಿಟ್ಟಳು:

"ನಿಂಗೂ... ಹೊಡೆದ್ರಾ... ಮಗಳೇ?"

ಇನ್ಮಾ ನನ್ನ ಮುಖ ನೋಡಿದಳು. ವಿವರಿಸಿದೆ: "ನಮ್ಮ ಮಾತಾಡಿದ್ದಕ್ಕೆ ಸ್ಕೂಲಲ್ಲಿ ಇವಳ ಅಂಗೈ ಊದೋ ಹಾಗೆ ಹೊಡೀತಿದ್ರು. ಅದನ್ನ ಕೇಳ್ತಿದ್ದಾಳೆ."

ಇನ್ಮಾ ಕಾರ್ಡುಗಳನ್ನು ಬದಿಗಿಟ್ಟಳು. ಆಮೇಲೆ ನನ್ನನ್ನು ಬಿಟ್ಟು ದೊಸಿಂದಾಗೇ ಹೇಳಿದಳು, ಇಸ್ತ್ರಿ ಇಲ್ಲದೆ: "ಹೊಡೀಲಿಲ್ಲ ಯವ್ವಾ. ನಕ್ಕರು. ಮ್ಯಾಡ್ರಿಡ್‌ನಾಗ ಓದೂವಾಗ. ಅರ್ಧ ಅಕ್ಷರ ನುಂಗಾಕಿ ಮಂದಿಗೆ ಏನ್ ಮಾತು ಕಲಸ್ತಾಳ ಅಂತ."

"ಕತ್ತೆಗಳು" ಎಂದಳು ನನ್ನ ಹೆಂಡತಿ. ತಡವರಿಸದೆ. ಒಂದೇ ಏಟಿಗೆ.

ಮಾರ್ಚ್ 18

ಈಗ ಕಾರ್ಡುಗಳು ಮೂಲೆಯಲ್ಲಿ. ಇಬ್ಬರೂ ಹರಟುತ್ತಾರೆ. ಒಬ್ಬಳು ಹೆರೆಸ್‌ನ ಮಾತು, ಒಬ್ಬಳು ಗಲೇಗೊ. ನನ್ನನ್ನು ಕಾರಿಡಾರಿಗೆ ಅಟ್ಟಿದ್ದಾರೆ. ಬಾಗಿಲ ಸಂದಿಯಿಂದ ನನ್ನ ಸೂಪಿನ ಬಗ್ಗೆ ದೂರು ಕೇಳಿಸಿತು. ಇಷ್ಟು ಸಂತೋಷವಾಗಿ ಬೈಸಿಕೊಂಡದ್ದಿಲ್ಲ.

ಹೆದರಿಕೆ ಹೋಗಿಲ್ಲ. ಮುಖ್ಯಸ್ಥರ ಎದುರು ಮತ್ತೆ ಬಾಯಿಗೆ ಬೀಗ ಬಿದ್ದರೆ?

ಮಾರ್ಚ್ 27

ಬಂದರು. ಬಿಳಿ ಕೋಟು, ಟೈ, ಎದೆಯ ಮೇಲೆ ಕೈಕಟ್ಟಿ ಗೋಡೆಗೆ ನಿಂತರು. ದೊಸಿಂದಾ ಕೈಚೀಲ ಮಡಿಲಿಗೆ ಎಳೆದುಕೊಂಡಳು. ತುಟಿ ಬಿಗಿಯಿತು.

ಇನ್ಮಾ ಮುಖ್ಯಸ್ಥರನ್ನೊಮ್ಮೆ ನೋಡಿದಳು. ಅವಳದು ಇನ್ನೂ ಖಾಯಂ ಆಗದ ಕೆಲಸ. ಕುರ್ಚಿ ಹತ್ತಿರಕ್ಕೆಳೆದು ಶುರುಮಾಡಿದಳು: "ಯವ್ವಾ ದೊಸಿಂದಾ, ಇವತ್ತು ಮುದುಕಪ್ಪ ಏನ್ ಸುಟ್ಟಾನ?"

ಮುಖ್ಯಸ್ಥರ ಹುಬ್ಬು ಮೇಲೇರಿತು. "ಇದು ಯಾವ ರೀತಿಯ ಪರೀಕ್ಷೆ?"

"ನಂದು" ಎಂದಳು ಇನ್ಮಾ, ಅದೇ ಉಚ್ಚಾರದಲ್ಲಿ. "ಇವರು ಮಾತಾಡೂದು ಕೇಳಬೇಕಂದ್ರ ಹಿಂಗ ಕೇಳಬೇಕ್ರಿ, ಡಾಕ್ಟರ."

ದೊಸಿಂದಾ ಆ ಹುಡುಗಿಯ ಮುಖ ನೋಡಿದಳು. ಟೈ ನೋಡಿದಳು. ಕೈಚೀಲ ತೆಗೆದು ನೆಲಕ್ಕಿಟ್ಟಳು.

"ಮೀನು. ಮೀನು... ಸುಟ್ಟ. ಬಾಣಲೆ... ನೀರಲ್ಲಿದೆ. ಮೂರು ದಿನ." ಉಸಿರು ತೆಗೆದುಕೊಂಡು ಡಾಕ್ಟರ ಕಡೆ ತಿರುಗಿದಳು. ಗಲೇಗೊದಲ್ಲೇ, ಏಕವಚನದಲ್ಲೇ: "ನೀನು... ಕೂತ್ಕೊಳಪ್ಪಾ. ಮೊಳೆ ಹೊಡೆದಂಗೆ... ನಿಂತಿದ್ದೀಯ."

ಡಾಕ್ಟರ್ ಕೂತರು. ಏನೋ ಬರೆದರು. ಏಳುವಾಗ ಅವಳಿಗೆ ಗಲೇಗೊದಲ್ಲಿ "ಸೆಪ್ಟೆಂಬರ್‌ವರೆಗೂ ಬನ್ನಿ ಅಮ್ಮ" ಎಂದರು. ಬಹಳ ದಿನದಿಂದ ಬಳಸದ ಬಾಗಿಲಿನ ಹಾಗೆ ಕಿರುಗುಟ್ಟಿತು ಅವರ ಗಲೇಗೊ. ಆದರೂ ತೆರೆಯಿತು.

ಏಪ್ರಿಲ್ 6, ಬೆಳಿಗ್ಗೆ

ಪತ್ರಿಕೆಗೆ ಬರೆದೇಬಿಟ್ಟೆ. ಸಿಟ್ಟು ಕಡಿಮೆಯಾಗಿಲ್ಲ, ಆಗಬಾರದು. ಒಬ್ಬ ಮುದುಕಿ ಬಾಯಿ ಬಿಡಲು ದೂರದೂರಿನ ಹುಡುಗಿಯೊಬ್ಬಳು ಕೆಲಸ ಪಣಕ್ಕಿಡಬೇಕೇ?

ಇನ್ಮಾಳ ಹೊಸ ಆಜ್ಞೆ ನನಗೆ: ದೊಸಿಂದಾಳ ವಾಕ್ಯ ನಾನು ಮುಗಿಸಕೂಡದು. ಎಷ್ಟು ಹೊತ್ತಾದರೂ. ಬಾಯಿಬಡುಕನಿಗೆ ಇದು ಉಪವಾಸಕ್ಕಿಂತ ಕಷ್ಟ.

ದೊಸಿಂದಾ ಬಾಗಿಲಿಗೆ ಬಂದು ನಿಂತಿದ್ದಾಳೆ. ರಬ್ಬರ್ ಬೂಟು ಹಾಕಿದ್ದಾಳೆ, ತಾನೇ. ಹೊರಗೆ ಅಳಿವೆಯ ನೀರಿಳಿಯುತ್ತಿದೆ, ಚಿಪ್ಪು ಕೆದಕುವ ಹೊತ್ತು. "ಅಮಾರೊ, ಇವತ್ತು ನಾನು..." ಎಂದು ನಿಂತಳು. ಆ ಮಾತು ಯಾವುದೆಂದು ನನಗೆ ಗೊತ್ತು. ನಾಲಿಗೆಯ ತುದಿಯಲ್ಲಿದೆ. ಕೊಡುವುದಿಲ್ಲ. ಬರೆಯುತ್ತ ಕೂತಿರುತ್ತೇನೆ, ಅವಳಾಗಿಯೇ... ತುಟಿ ಅಲುಗುತ್ತಿದೆ... ಬರುತ್ತಿದೆ —