ನೀರು ಯಾವ ಕೈ ಕಡಿ

ಅಂಬ್ರಪ್ಪಣ್ಣಾ,

ಕೃಷ್ಣಾ ನದಿಯನ್ನು ಕೈಹಿಡಿದು ಶಹಾಪುರಕ್ಕೆ ಕರೆತಂದವನು ನಿನ್ನ ತಮ್ಮನೇ. ಕಾಲುವೆ ತೋಡಿದ ಎಂಜಿನಿಯರುಗಳೆಲ್ಲ ನನ್ನ ಹಿಂದೆ ಬಂದವರು. ನೀನಿದ್ದಿದ್ದರೆ ನಗುತ್ತಿದ್ದೆ.

ನಿನ್ನ ಮಗಳು ಲಾಲಮ್ಮ ಈಗ ಆಂಬುಲೆನ್ಸ್ ಕಚೇರಿಯಲ್ಲಿ ಫೋನು ಎತ್ತುತ್ತಾಳೆ. ಇವತ್ತು ಮಧ್ಯಾಹ್ನ ನಾನು ಬುತ್ತಿ ಒಯ್ದಾಗ ಒಂದು ಕರೆ ಬಂತು. ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಗಳಿಗೆ ಹಾವು ಕಡಿದಿತ್ತು. ಅವಳ ಗಂಡ, "ಭೀಮರಾಯನಗುಡಿ ದಾಟಿ ಕಾಲುವಿ ಬಾಜೂಕ ಅದೀವ್ರಿ" ಎಂದಷ್ಟೇ ಹೇಳುತ್ತಿದ್ದ.

"ಫೋನ್ ಇಲ್ಲಿ ಕೊಡು, ನನಗ ಗೊತ್ತದ" ಎಂದೆ. ಲಾಲಮ್ಮ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದಳು.

"ಯಣ್ಣಾ, ಕಾಲುವಿಗಿ ಮಕ ಮಾಡಿ ನಿಲ್ಲು. ನೀರು ಯಾವ ಕೈ ಕಡಿ ಹೊಂಟದ?"

"ಎಡಗೈ ಕಡಿರಿ."

ಅಷ್ಟರಿಂದಲೇ ಅವರಿರುವ ದಂಡೆ ತಿಳಿದು, ಗಾಡಿಯನ್ನು ಎಡದಂಡೆಯ ದಾರಿಗೆ ಕಳಿಸಿದಳು. ಗಾಡಿ ಮುಟ್ಟುವವರೆಗೆ ಫೋನು ಇಡಲಿಲ್ಲ. ಜೀವಕ್ಕೆ ಅಪಾಯವಿಲ್ಲವೆಂದು ಆಸ್ಪತ್ರೆಯವರು ಹೇಳಿದ ಮೇಲೆಯೇ ಬುತ್ತಿ ಬಿಚ್ಚಿದಳು.

ರೊಟ್ಟಿ ಮುರಿಯುತ್ತ ಕೇಳಿದಳು: "ಕಾಕಾ, ಅಪ್ಪಗ ಹಾವು ಕಡದಾಗ ಎಷ್ಟು ಹೊತ್ತು ಹಾಳಾತು?"

"ಐದು ನಿಮಿಷ, ಯವ್ವಾ."

ಹತ್ತು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿದ್ದೇನೆ. ನಾಳೆ ಅವಳೆದುರು ಕೂತು ನಿಜ ಹೇಳುತ್ತೇನೆ. ಅದಕ್ಕೇ ಮೊದಲು ನಿನಗೆ ಬರೆದು ನಾಲಿಗೆ ಪಳಗಿಸುತ್ತಿದ್ದೇನೆ.

"ನಾ ಇರೂತನಕ ಆಂಬುಲೆನ್ಸ್ ಯಾಕ" ಅಂದು ನಾನು ಫೋನು ಮಾಡಲಿಲ್ಲ. ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಬೈಕಿನಲ್ಲಿ ಬಲದಂಡೆ ಹಿಡಿದೆ. ಆಸ್ಪತ್ರೆ ಆಚೆ ದಂಡೆಗಿತ್ತು. ಬಾಯಿಪಾಠವಿದ್ದ ಸೇತುವೆ ಎಲ್ಲೂ ಸಿಗದೆ ತಿರುಗಿ ಬಂದೆ. ಹಾಳಾದದ್ದು ಐದಲ್ಲ ಅಣ್ಣಾ, ಐವತ್ತು ನಿಮಿಷ.