ಜಪ್ತಿಯಾದ ಕಾರಿನ ಎರಡು ಹಿಡಿಕೆಗಳು

ವಾಹನ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕಚೇರಿಯ ಹಿಂದಿನ ಬಯಲಿನಲ್ಲಿ, ಜಪ್ತಿ ಮಾಡಿ ತಂದ ವಾಹನಗಳ ನಡುವೆ, ಬೂದು ಬಣ್ಣದ ಕಾರೊಂದು ನಿಂತಿದೆ. ಅದರ ಸ್ಟೇರಿಂಗ್ ಪಕ್ಕದಲ್ಲಿ ಎರಡು ಕಬ್ಬಿಣದ ಹಿಡಿಕೆಗಳಿವೆ. ಒಂದನ್ನು ಎಳೆದರೆ ಕಾರು ಮುಂದೆ ಹೋಗುತ್ತದೆ, ಇನ್ನೊಂದನ್ನು ಒತ್ತಿದರೆ ನಿಲ್ಲುತ್ತದೆ. ಕಾಲಿನಲ್ಲಿ ಶಕ್ತಿಯಿಲ್ಲದ ನನ್ನ ಅಕ್ಕ ಕೈಯಿಂದಲೇ ಕಾರು ಓಡಿಸಲೆಂದು ಮಾಡಿಸಿಕೊಂಡ ಹಿಡಿಕೆಗಳು ಅವು. ಕಾರು ನಮಗೆ ಬೇಡ, ಆ ಹಿಡಿಕೆಗಳನ್ನು ಬಿಚ್ಚಿಕೊಡಿ ಎಂದು ತಮ್ಮ ಕಚೇರಿಯ ಒಂದೊಂದು ಕಿಟಕಿಯಲ್ಲೂ ಗೋಗರೆದಿದ್ದೇನೆ. ತಮ್ಮ ಕೋಣೆಯೊಳಗೆ ಯಾರೂ ಬಿಡಲಿಲ್ಲವಾದ್ದರಿಂದ ಈಗ ಈ ಬಹಿರಂಗ ಪತ್ರ ಹಿಡಿದು ಬೀದಿಯಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದೇನೆ. ಇದರಲ್ಲಿ ಮರ್ಯಾದೆ ತಪ್ಪಿದ ಮಾತಿದ್ದರೆ ಮನ್ನಿಸಬೇಕು. ಮರ್ಯಾದೆಯಾಗಿ ಕೇಳಿದ ಅರ್ಜಿಗಳೆಲ್ಲ ತಮ್ಮಲ್ಲೇ ಇವೆ.

ನಾನು ಕಾರುಗಳಿಗೆ ಸೀಟ್ ಕವರ್ ಹೊಲಿಯುವವನು. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಚಿಕ್ಕಂದಿನ ಕಾಯಿಲೆಯಲ್ಲಿ ಅಕ್ಕನ ಕಾಲುಗಳು ಸೋತವು. ನಮ್ಮ ಮನೆಗೆ ಹೊಸಿಲೇ ಇಲ್ಲ, ಅವಳ ಗಾಲಿಕುರ್ಚಿಗೆಂದು ನಾನೇ ಕೀಳಿಸಿ ಹಾಕಿದ್ದೇನೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಆ ಅಂಗಡಿ ನಮ್ಮ ಬೀದಿಯ ತುದಿಯಲ್ಲೇ ಇತ್ತು. ಕುರ್ಚಿ ತಳ್ಳಿಕೊಂಡು ತಾನೇ ಹೋಗುತ್ತಿದ್ದಳು, ಯಾರಾದರೂ ಹಿಂದಿನಿಂದ ತಳ್ಳಲು ಬಂದರೆ ಗದರುತ್ತಿದ್ದಳು. ಆಮೇಲೆ ಯಜಮಾನರು ಅಂಗಡಿಯನ್ನು ಊರಿನ ಇನ್ನೊಂದು ಕೊನೆಗೆ ಸಾಗಿಸಿದರು. ಬಸ್ಸಿನ ಮೆಟ್ಟಿಲನ್ನು ಗಾಲಿಕುರ್ಚಿ ಹತ್ತುವುದಿಲ್ಲ. ಬಾಡಿಗೆ ಕಾರಿನವರು ಕುರ್ಚಿ ಕಂಡ ಕೂಡಲೇ ಬೇರೆ ಕಡೆ ಬಾಡಿಗೆ ಇದೆ ಎನ್ನುತ್ತಾರೆ. ಹಾಗಾಗಿ ಹಳೆಯದಾದರೂ ಸರಿ, ಸ್ವಂತದ್ದೊಂದು ಕಾರು ಬೇಕೆಂದು ಮೊಬೈಲಿನಲ್ಲಿ ಜಾಹೀರಾತುಗಳನ್ನು ಹುಡುಕತೊಡಗಿದೆವು.

ಫೋಟೋದಲ್ಲಿ ಯಾವ ಕಾರು ತಾನೇ ಚೆನ್ನಾಗಿ ಕಾಣುವುದಿಲ್ಲ ಹೇಳಿ? ಆದರೂ ಈ ಕಾರಿನ ಮಾಲೀಕನ ಮಾತು ಬೆಣ್ಣೆಯಂತಿತ್ತು. ಕಾರು ಯಾರಿಗೆ ಎಂದು ಫೋನಿನಲ್ಲಿ ಕೇಳಿದ, ಅಕ್ಕನ ವಿಷಯ ಹೇಳಿದೆ. ಮರುದಿನ ಅಪಾರ್ಟ್‌ಮೆಂಟ್ ಒಂದರ ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡು ಕಾದಿದ್ದ. ಹಿಂದಿನ ಸೀಟಿನ ಮೇಲೆ ಒಂದು ಊರುಗೋಲು ಬಿದ್ದಿತ್ತು. "ನಮ್ಮಮ್ಮಂದು ಸಾರ್. ಹೋದ ವರ್ಷ ಹೋಗ್ಬಿಟ್ರು. ತೆಗೆದಿಡೋಕೆ ಇನ್ನೂ ಮನಸ್ಸೇ ಬಂದಿಲ್ಲ" ಎಂದು ಕಣ್ಣೊರೆಸಿಕೊಂಡ. ಅಕ್ಕನೇ ಅವನಿಗೆ ಸಮಾಧಾನ ಹೇಳಿದಳು. ಮಾನ್ಯರೇ, ವ್ಯಾಪಾರಕ್ಕೆ ಹೋದವರು ವ್ಯಾಪಾರಿಗೆ ಸಾಂತ್ವನ ಹೇಳಿ ಬಂದೆವು. ಆಮೇಲೆ ಚೌಕಾಸಿ ಮಾಡಲು ಬಾಯಾದರೂ ಎಲ್ಲಿ ಬರಬೇಕು?

ಆದರೆ ನಾವು ಕೆಟ್ಟದ್ದು ಆ ಊರುಗೋಲಿನಿಂದಲ್ಲ, ನನ್ನ ವಿದ್ಯೆಯಿಂದ. ಅಪಘಾತವಾದ ಕಾರಾಗಲಿ ನೀರಿನಲ್ಲಿ ಮುಳುಗಿದ ಕಾರಾಗಲಿ, ರಿಪೇರಿಯಾಗುವಾಗ ಅದರ ಸೀಟು ಬಿಚ್ಚಲೇಬೇಕು, ಬಿಚ್ಚಿದ ಸೀಟನ್ನು ಮತ್ತೆ ಹೊಲಿಯಲೇಬೇಕು. ಎರಡನೆಯ ಸಲ ಹೊಲಿದ ಸೀಟನ್ನು ನಾನು ಕತ್ತಲಲ್ಲಿ ಬೆರಳಾಡಿಸಿಯೂ ಕಂಡುಹಿಡಿಯಬಲ್ಲೆ. ಈ ಕಾರಿನ ಸೀಟುಗಳು ಕಾರ್ಖಾನೆಯಿಂದ ಬಂದಂತೆಯೇ ಇದ್ದವು. ಒಂದು ದಾರ ಅಲುಗಿರಲಿಲ್ಲ. ನಾನು ಒಳಗೆ ಮಂಡಿಯೂರಿ ಪ್ರತಿ ಮೂಲೆಯನ್ನೂ ಸವರಿ ನೋಡುತ್ತಿದ್ದರೆ ಆ ಮನುಷ್ಯ ಹೊರಗೆ ನಿಂತು, "ನೋಡಿ ಸಾರ್, ನಿಧಾನಕ್ಕೆ ನೋಡಿ, ಆತುರ ಏನಿಲ್ಲ" ಎನ್ನುತ್ತಿದ್ದ.

ಅಕ್ಕ ಕೇಳಿದಳು, "ಕೆಳಗಡೆ ಬಗ್ಗಿ ನೋಡಿದ್ಯೇನೋ? ಯಾರಾದ್ರೂ ಮೆಕ್ಯಾನಿಕ್ಕನ್ನ ಕರ್ಕೊಂಡು ಬರೋಣ್ವಾ?"

"ಸೀಟು ನೋಡಿದೀನಲ್ಲ ಅಕ್ಕಾ. ಸೀಟು ಸುಳ್ಳು ಹೇಳಲ್ಲ" ಎಂದೆ.

ಸೀಟು ಸುಳ್ಳು ಹೇಳಲಿಲ್ಲ. ಅದು ಬೇರೆ ಯಾವುದೋ ಒಳ್ಳೆಯ ಕಾರಿನ ಸತ್ಯವನ್ನು ಹೇಳುತ್ತಿತ್ತು, ಅಷ್ಟೆ. ಇಡೀ ಸೀಟುಗಳನ್ನೇ ಒಂದು ಕಾರಿನಿಂದ ಎತ್ತಿ ಇನ್ನೊಂದಕ್ಕೆ ಕೂರಿಸಬಹುದೆಂಬುದು ದಿನವೂ ಸೀಟು ಎತ್ತಿ ಕೂರಿಸುವ ನನಗೇ ಹೊಳೆಯಲಿಲ್ಲ. ಬೇರೆ ಯಾರೇ ಆಗಿದ್ದರೂ ಬಾನೆಟ್ ಎತ್ತಿಸಿ ನೋಡುತ್ತಿದ್ದರು.

ಅಕ್ಕ ಆ ಕಾರನ್ನು ಕೆಲವು ವಾರ ಓಡಿಸಿದಳು. ಲೇತ್ ಅಂಗಡಿಯ ಮೇಸ್ತ್ರಿ ಅವಳ ಅಂಗೈಯ ಅಳತೆ ತೆಗೆದುಕೊಂಡು ಹಿಡಿಕೆಗಳನ್ನು ಮಾಡಿದರು. ಅವಳ ಬೆನ್ನು ಎಡಕ್ಕೆ ವಾಲುವುದರಿಂದ ಕಾರಿನ ಸೀಟಿನಲ್ಲಿ ಒರಗಿಕೊಳ್ಳಲು ಎಡಭಾಗ ದಪ್ಪಗಿರುವ ಬೂದು ದಿಂಬೊಂದನ್ನು ನಾನು ಹೊಲಿದೆ. ಬೂದು ದಾರ ಮುಗಿದಿತ್ತು, ಕೊನೆಯ ಅಂಚಿಗೆ ಕೆಂಪು ದಾರ ಹಾಕಿದೆ. "ಇದೇನೋ ಇದು, ಹಲ್ಲಲ್ಲಿ ರಕ್ತ ಬಂದಂಗಿದೆ" ಎಂದು ನಕ್ಕಿದ್ದಳು. ಮೊದಲ ದಿನ ಕೆಲಸ ಮುಗಿಸಿದವಳು ನೇರ ಮನೆಗೆ ಬರಲಿಲ್ಲ. ಊರು ಸುತ್ತಿಕೊಂಡು ತಡವಾಗಿ ಬಂದಳು. ಎಲ್ಲಿ ಹೋಗಿದ್ದೆ ಎಂದರೆ, "ಎಲ್ಲೂ ಇಲ್ಲ. ಸುಮ್ನೆ ಹೋಗಿದ್ದೆ" ಎಂದಳು. ಸುಮ್ಮನೆ ಹೋಗುವುದು ಎಂದರೇನೆಂದು ತಮಗಾಗಲಿ ನನಗಾಗಲಿ ಗೊತ್ತಿಲ್ಲ ಮಾನ್ಯರೇ. ನಾವು ಹುಟ್ಟಿದಾಗಿನಿಂದ ಹೋಗುತ್ತಲೇ ಇದ್ದೇವೆ.

ಆಮೇಲೆ ನಾವು ಒಂದು ಅಪರಾಧ ಮಾಡಿದೆವು. ಕಾನೂನು ಪಾಲಿಸಿದೆವು. ಕಾರನ್ನು ಅಕ್ಕನ ಹೆಸರಿಗೆ ವರ್ಗಾಯಿಸಿ, ಹಿಡಿಕೆಗಳಿಗೆ ಅನುಮತಿ ಕೊಡಿ ಎಂದು ನಾವಾಗಿಯೇ ತಮ್ಮ ಬಾಗಿಲಿಗೆ ಬಂದೆವು. ತಮ್ಮ ಇನ್‌ಸ್ಪೆಕ್ಟರು ಕಾರಿನ ಅಡಿಚೌಕಟ್ಟಾದ ಚಾಸಿಯಲ್ಲಿ ಕೊರೆದ ಸಂಖ್ಯೆಯ ಮೇಲೆ ಉಗುರಿನಿಂದ ಕೆರೆದರು, ಬಣ್ಣ ಚಕ್ಕೆಯೆದ್ದು ಬಂತು, ಕೆಳಗೆ ಬೆಸುಗೆಯ ಗೆರೆ ಕಂಡಿತು. ಮುಂದಿನ ಅರ್ಧ ಒಂದು ಕಾರಿನದು, ಹಿಂದಿನ ಅರ್ಧ ಇನ್ನೊಂದರದು. ಎರಡೂ ಅಪಘಾತದಲ್ಲಿ ನುಜ್ಜುಗುಜ್ಜಾಗಿ ಗುಜರಿ ಸೇರಿದ್ದವು. ಜೋರಾಗಿ ಬ್ರೇಕ್ ಹಾಕಿದ್ದರೆ ನಡುವೆ ಮುರಿಯುತ್ತಿತ್ತು ಎಂದರು ಇನ್‌ಸ್ಪೆಕ್ಟರು. ಕಾರನ್ನು ಅಲ್ಲೇ ಜಪ್ತಿ ಮಾಡಿದರು, ಒಳಗಿದ್ದದ್ದನ್ನು ತೆಗೆದುಕೊಳ್ಳಲೂ ಬಿಡಲಿಲ್ಲ. ಅವರು ನನ್ನ ಅಕ್ಕನ ಜೀವ ಉಳಿಸಿದ್ದಾರೆ. ಆ ಉಪಕಾರವನ್ನು ನಾನು ಮರೆಯುವವನಲ್ಲ, ಮರೆತು ಈ ಪತ್ರ ಬರೆಯುತ್ತಲೂ ಇಲ್ಲ. ಉಳಿಸಿದ ಜೀವ ಮನೆಯೊಳಗೆ ಕೂತು ಏನು ಮಾಡಬೇಕು ಎಂದಷ್ಟೇ ಕೇಳುತ್ತಿದ್ದೇನೆ.

ಮಾರಿದವನ ಫೋನು ಅಂದಿನಿಂದ ಸತ್ತಿದೆ. ಅಪಾರ್ಟ್‌ಮೆಂಟಿನ ಕಾವಲುಗಾರ, "ಗೇಟ್ ಹತ್ರ ಕಾರ್ ನಿಲ್ಲಿಸ್ಕೊಳ್ಳೋಕೆ ಯಾರ್ ಯಾರೋ ಬರ್ತಾರೆ ಸಾರ್, ಅಂಥವರು ಇಲ್ಲಿ ಇಲ್ಲ" ಎಂದ. ಆದರೆ ಅದೇ ಜಾಹೀರಾತಿನ ತಾಣದಲ್ಲಿ ಇನ್ನೊಂದು ಕಾರು ಕಂಡಿತು. ಹಿಂದೆ ಅದೇ ಗೇಟು, ಅದೇ ಗೋಡೆ. ಪಕ್ಕದ ಅಂಗಡಿಯವರ ಫೋನಿನಿಂದ ಕರೆ ಮಾಡಿದೆ. ಬೇಕೆಂದೇ, ಮಕ್ಕಳನ್ನು ಶಾಲೆಗೆ ಬಿಡಲು ಕಾರು ಬೇಕು ಎಂದೆ. ಅದೇ ಬೆಣ್ಣೆಯ ದನಿ ಹೇಳಿತು, "ನಮ್ಮನೇಲೂ ಚಿಕ್ಕ ಮಕ್ಕಳೇ ಸಾರ್, ಅವರಿಗೇಂತಲೇ ಜೋಪಾನ ಮಾಡಿದ ಗಾಡಿ." ಹೋಗಿ ನೋಡಿದ್ದರೆ ಹಿಂದಿನ ಸೀಟಿನಲ್ಲಿ ಗೊಂಬೆಯೊಂದು ಬಿದ್ದಿರುತ್ತಿತ್ತು. ನಾನು ತಮ್ಮ ಕಚೇರಿಗೆ ಓಡಿಬಂದು ಇದನ್ನು ಹೇಳಿದೆ. ಕಿಟಕಿಯ ಆಚೆಯ ಗುಮಾಸ್ತರು ತಲೆ ಎತ್ತದೆ ಹೇಳಿದರು, "ನಮ್ಮ ಹತ್ರ ಇರೋದು ಗಾಡಿ ವಿಷಯ. ಮನುಷ್ಯರ ವಿಷಯ ನಮಗೆ ಬರಲ್ಲ." ಎಷ್ಟು ಪ್ರಾಮಾಣಿಕ ಮಾತು! ಕೈ ತೊಳೆದುಕೊಳ್ಳುವುದನ್ನು ಇಷ್ಟು ಶುಭ್ರವಾಗಿ ಮಾಡಿದವರನ್ನು ನಾನು ಕಂಡಿರಲಿಲ್ಲ. ಹಾಗಾದರೆ ಆ ಕಾರಿನಲ್ಲಿ ಶಾಲೆಗೆ ಹೋಗಲಿರುವ ಮಕ್ಕಳು ಯಾರ ವಿಷಯ?

ಇರಲಿ, ಅವನನ್ನು ಹಿಡಿಯುವುದು ತಮ್ಮ ಕೆಲಸವಲ್ಲ ಎಂದೇ ಇಟ್ಟುಕೊಳ್ಳೋಣ. ಕನ್ನಡಕದಂಗಡಿಯ ಯಜಮಾನರು ದೊಡ್ಡ ಮನಸ್ಸು ಮಾಡಿ ತಮ್ಮ ಹಳೆಯ ಕಾರನ್ನು ಅಕ್ಕನಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಹಿಡಿಕೆಗಳನ್ನು ಅದಕ್ಕೆ ಕೂರಿಸಿದರೆ ಮುಗಿಯಿತು. ಹೊಸದು ಮಾಡಿಸೋಣವೆಂದರೆ ಲೇತ್ ಮೇಸ್ತ್ರಿಗೆ ಕೈನಡುಕ ಬಂದು ಕೆಲಸ ಬಿಟ್ಟಿದ್ದಾರೆ. ಬೇರೆಯವರು ಇಂಥದ್ದನ್ನು ನಾವು ಮಾಡಿಲ್ಲ, ಹೆಚ್ಚುಕಡಿಮೆಯಾದರೆ ನಮ್ಮ ತಲೆಗೆ ಬರುತ್ತದೆ ಎಂದು ಹಿಂದೆ ಸರಿಯುತ್ತಾರೆ. ಯಜಮಾನರಾದರೂ ಎಷ್ಟು ದಿನ ಕಾದಾರು? ಈ ತಿಂಗಳು ಮುಗಿದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಅವರೇ ಬಂದು, ಕೊಟ್ಟ ನೀರನ್ನೂ ಕುಡಿಯದೆ, ತಲೆ ತಗ್ಗಿಸಿ ಹೇಳಿ ಹೋದರು. ಇದನ್ನೆಲ್ಲ ತಮ್ಮ ಗುಮಾಸ್ತರಿಗೆ ವಿವರಿಸಿದೆ. ಹಿಡಿಕೆಗಳು ಕಾರು ಕೊಂಡ ಮೇಲೆ ನಾವು ಹಾಕಿಸಿದ್ದು, ಮೋಸಕ್ಕೂ ಅವಕ್ಕೂ ಸಂಬಂಧವಿಲ್ಲ ಎಂದೆ. ಅದಕ್ಕೆ ಬಂದ ಉತ್ತರ: "ಕಾರು ಸಾಕ್ಷ್ಯ. ಅದರ ಒಂದು ಬೋಲ್ಟನ್ನೂ ಮುಟ್ಟೋ ಹಾಗಿಲ್ಲ. ಹೇಗಿದೆಯೋ ಹಾಗೇ ಇರ್ಬೇಕು. ಸಾಹೇಬರ ಆರ್ಡರ್."

ಮಾನ್ಯರೇ, ನನಗೆ ಹೆದರಿಕೆಯಾಗುತ್ತಿದೆ. ನನ್ನ ಅಕ್ಕ ಜಗಳಗಂಟಿ. ಅವಳು ಬೈಯುತ್ತಿರುವವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ನೆಟ್ಟಗಿದೆ ಎಂದು ಅರ್ಥ. ಈಗ ಬೈಯುತ್ತಿಲ್ಲ. ಅಂಗಡಿಯಲ್ಲಿ ನಾನು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕೂತು ಬೀದಿ ನೋಡುತ್ತಾಳೆ. ಮೊನ್ನೆ, ಕೆಲಸಕ್ಕೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಕೋಟನ್ನು ಒಗೆದು ಮಡಚಿ ತಂದು ನನ್ನ ಮುಂದಿಟ್ಟಳು. "ಯಾವ್ದಾದ್ರೂ ಸೀಟಿಗೆ ಲೈನಿಂಗ್ ಆಗತ್ತಾ ನೋಡು. ಬಟ್ಟೆ ಇನ್ನೂ ಗಟ್ಟಿ ಇದೆ" ಎಂದಳು. ನನ್ನ ಕೈಯಲ್ಲಿ ಕತ್ತರಿ ಇತ್ತು. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ. ಅದೇ ನನಗೆ ಹೆದರಿಕೆ.

ಅದರ ಮಾರನೆಯ ದಿನ ಮತ್ತೆ ತಮ್ಮ ಕಚೇರಿಗೆ ಬಂದೆ. ಬಯಲಿನ ಬೇಲಿಯಾಚೆಯಿಂದ ಇಣುಕಿದೆ. 'ಹೇಗಿದೆಯೋ ಹಾಗೇ' ಇರಬೇಕಾದ ಕಾರಿನ ಬಾನೆಟ್ ತೆರೆದಿತ್ತು, ಬ್ಯಾಟರಿ ಇದ್ದ ಜಾಗ ಖಾಲಿ. ಹಿಂದಿನ ಚಕ್ರವೊಂದರ ಬದಲು ಇಟ್ಟಿಗೆಗಳಿದ್ದವು. ಹಿಡಿಕೆಗಳು ಮಾತ್ರ ಇನ್ನೂ ಅಲ್ಲೇ ಇದ್ದವು, ಯಾರಿಗೂ ಬೇಡದ್ದರಿಂದ ಉಳಿದುಕೊಂಡಿದ್ದವು. ಮಾತಾಡಲೇಬೇಕೆಂದು ತಮ್ಮ ಕೋಣೆಯತ್ತ ನಡೆದೆ. ಬಾಗಿಲು ಅರ್ಧ ತೆರೆದಿತ್ತು, ತಾವು ಪಕ್ಕಕ್ಕೆ ತಿರುಗಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಿರಿ. ಜವಾನ ನನ್ನನ್ನು ತಡೆದ. ತಡೆಯುವ ಅಗತ್ಯವಿರಲಿಲ್ಲ, ನನ್ನ ಕಾಲು ತಾನಾಗಿಯೇ ನಿಂತಿತ್ತು. ತಮ್ಮ ಬೆನ್ನಿನ ಹಿಂದೆ ಬೂದು ಬಣ್ಣದ ದಿಂಬೊಂದಿತ್ತು. ಎಡಭಾಗ ದಪ್ಪ. ಕೊನೆಯ ಅಂಚಿನಲ್ಲಿ ಕೆಂಪು ದಾರ.

ಹೊಲಿಗೆ ನಂಬಿ ಒಮ್ಮೆ ಮೋಸಹೋದವನು ಮತ್ತೆ ಹೊಲಿಗೆಯನ್ನೇ ಸಾಕ್ಷಿಗೆ ಕರೆಯುತ್ತಿದ್ದಾನೆ ಎಂದು ತಾವು ನಗಬಹುದು. ಅಂದು ನೋಡಿದ್ದು ಯಾವುದೋ ಕಾರ್ಖಾನೆಯ ಹೊಲಿಗೆ. ಇದು ನನ್ನ ಕೈಯದು. ಅದು ತಮ್ಮ ಕುರ್ಚಿಗೆ ಹೇಗೆ ಬಂತೆಂದು ನಾನು ಕೇಳುವುದಿಲ್ಲ. ಸಿಬ್ಬಂದಿ ಯಾರೋ ತಂದಿಟ್ಟಿರಬಹುದು, ತಾವು ಗಮನಿಸದೆಯೂ ಇರಬಹುದು. ಕೇಳುವ ಧೈರ್ಯವೂ ನನ್ನಲ್ಲಿ ಉಳಿದಿಲ್ಲ. ಉಳಿದಿರುವುದು ತಿಂಗಳ ಕೊನೆಯವರೆಗಿನ ಸಮಯ ಮಾತ್ರ.

ಆದ್ದರಿಂದ ಹೀಗೆ ಮಾಡೋಣ. ಕಾರು ತಮ್ಮಲ್ಲೇ ಇರಲಿ. ದಿಂಬು, ಚಕ್ರ, ಬ್ಯಾಟರಿ ಯಾವುದರ ಲೆಕ್ಕವನ್ನೂ ನಾನು ಕೇಳುವುದಿಲ್ಲ. ಎರಡು ಹಿಡಿಕೆಗಳನ್ನು ಮಾತ್ರ ಬಿಚ್ಚಿಕೊಳ್ಳಲು ಬಿಡಿ, ಸ್ಪ್ಯಾನರ್ ನಾನೇ ತರುತ್ತೇನೆ. ಆ ದಿಂಬಿಗೆ ಒರಗಿ ತಮಗೆ ಬೆನ್ನು ನೋಯುತ್ತಿರಲೇಬೇಕು, ಯಾಕೆಂದರೆ ಅದು ಎಡಕ್ಕೆ ವಾಲಿದ ಬೆನ್ನಿನ ಅಳತೆಗೆ ಹೊಲಿದದ್ದು. ಹಿಡಿಕೆಗಳನ್ನು ಕೊಟ್ಟ ದಿನವೇ ತಮ್ಮ ಅಳತೆ ತೆಗೆದುಕೊಂಡು ಬೇರೊಂದನ್ನು ಹೊಲಿದು ತರುತ್ತೇನೆ. ಇದಕ್ಕೆ ಲಂಚ ಎಂಬ ಹೆಸರಿದ್ದರೆ ಇರಲಿ, ನನ್ನ ಮೇಲೆ ಕೇಸು ಹಾಕಿ. ಅಕ್ಕ ಕೆಲಸಕ್ಕೆ ಹೋದ ಮೇಲೆ ಹಾಕಿ.

ಇಂತಿ,
ತಮ್ಮ ಕಿಟಕಿಯಾಚೆ ಇನ್ನೂ ನಿಂತಿರುವ,
ಬಿಳಿ ಕೋಟಿಗೆ ಕತ್ತರಿ ಹಾಕಲು ಕೈ ಬಾರದ
ಸೀಟ್ ಕವರ್ ಅಂಗಡಿಯವನು